ಹೆಬ್ಬೆಟ್ಟಿನಿಂದ ಮುಖದವರೆಗೆ

ನಮ್ಮೂರ ಹುಡುಗರು ಪೀಣ್ಯದ ಕಾರ್ಖಾನೆ ಸೇರಿದರೆ, ಈಗ ಹಲವು ಕಡೆ ಹಾಜರಿಗೆ ಕ್ಯಾಮೆರಾಗೆ ಮುಖ ತೋರಿಸಬೇಕು. ದುಡಿಯುವವರ ಮೈಗುರುತು ಪಡೆಯುವುದು ಹೊಸದೇನಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್, ಗುತ್ತಿಗೆದಾರನೊಬ್ಬನ ಅಂಗೈಗೆ ಮಸಿ ಬಳಿದು ಕರಾರಿನ ಮೇಲೆ ಒತ್ತಿಸಿದ. ಮುಂದೆ 'ಸಹಿ ನನ್ನದಲ್ಲ' ಎನ್ನಬಾರದಲ್ಲ!

2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು.

ಹೆಬ್ಬೆಟ್ಟಿಗಾದರೆ ನಾವೇ ಕೈ ಚಾಚಬೇಕು. ಮುಖವನ್ನು ದೂರದಿಂದ, ಕೇಳದೆಯೇ ಸೆರೆಹಿಡಿಯಬಹುದು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮುಖ ಬದಲಿಸಲಾಗದು. ಯಂತ್ರ ಗುರುತು ಹಿಡಿಯದಿದ್ದರೆ ಹೋಗುವುದು ನಮ್ಮ ದಿನಗೂಲಿ.

ಆದ್ದರಿಂದ ಗೇಟಿನಲ್ಲೇ ಕೇಳೋಣ: ನಮ್ಮ ಫೋಟೊ ಎಲ್ಲಿಡುತ್ತೀರಿ? ಕೆಲಸ ಬಿಟ್ಟ ಮೇಲೆ ಅಳಿಸುತ್ತೀರಾ?