ತಿಥಿಯಿಲ್ಲದವರು: ಮಲೆನಾಡಿನ ಅಡಿಕೆ ಸುಲಿತದ ರಾತ್ರಿಗಳಲ್ಲಿ ಮನೆಮಂದಿ ಹೇಳಿಕೊಳ್ಳುವ ದೆವ್ವದ ಕಥೆಗಳು

ದೆವ್ವದ ಬಗ್ಗೆ ಬರೆದವರು ಹೆಚ್ಚಾಗಿ ಎರಡು ದಾರಿಗಳಿಂದ ಬಂದಿದ್ದಾರೆ. ಒಂದು ಆಚರಣೆಯ ದಾರಿ: ಮೈಮೇಲೆ ಬರುವುದು, ನೋಟ ಕೇಳುವುದು, ಬಿಡಿಸುವುದು. ಇನ್ನೊಂದು ಇದೆಯೋ ಇಲ್ಲವೋ ಎಂಬ ವಾದದ ದಾರಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆಂದು ರಚಿಸಿದ ಸಮಿತಿಯನ್ನು ಈ ಎರಡನೆಯ ದಾರಿಯಲ್ಲಿ ನೆನೆಯಲೇಬೇಕು. ಇವೆರಡರ ನಡುವೆ ಉಳಿದುಹೋದದ್ದು, ರಾತ್ರಿ ಹೊತ್ತು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆ. ಅದರಲ್ಲಿ ಮಂತ್ರವಾದಿ ಇಲ್ಲ, ಬಲಿಯಿಲ್ಲ, ರೋಗಿಯೂ ಇಲ್ಲ. ಹೇಳುವವರು, ಕೇಳುವವರು, ಒಂದು ದೀಪ, ಅಷ್ಟೇ. ಮಕ್ಕಳನ್ನು ಹೆದರಿಸುವ ಕಾಲಕ್ಷೇಪವೆಂದು ಅದನ್ನು ಪಕ್ಕಕ್ಕಿಡುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಮನೆತನದ ವಂಶಾವಳಿಯಲ್ಲಿ, ಶ್ರಾದ್ಧದ ಸಂಕಲ್ಪದಲ್ಲಿ, ಜಾಗ ಸಿಗದೆ ಹೋದ ಸಾವುಗಳು ಉಳಿದುಬಂದಿರುವುದು ಈ ಕಥೆಗಳಲ್ಲಿ ಎಂಬುದು ಈ ಲೇಖನದ ವಾದ.

ನಾನು ಇಲ್ಲಿ ಮುಖ್ಯವಾಗಿ ಬಳಸುವುದು ನಾನು ಬೆಳೆದ ಕೊಪ್ಪ ಸೀಮೆಯ ಮನೆಯ ಒಂದು ಕಥೆ. ಒಂದೇ ಮನೆ, ಒಂದೇ ಕಥೆ. ಆದರೆ ಅದನ್ನು ಮೂವರು ಬೇರೆ ಬೇರೆಯಾಗಿ ಹೇಳಿದ್ದನ್ನು ಹಲವು ವರ್ಷ ಕೇಳಿದ್ದೇನೆ. ಮನೆಯೊಳಗಿನ ಕಥನಕ್ಕೆ ಹೊರಗಿನಿಂದ ಹೋಗಿ ಯಂತ್ರ ಇಟ್ಟು ಕೂತರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಒಳಗಿನವನಾಗಿ ಕೇಳಿಸಿಕೊಂಡದ್ದರಲ್ಲಿ ಬೇರೆ ಕೊರತೆಗಳಿವೆ, ಆದರೆ ಆ ಕೊರತೆಯಿಲ್ಲ.

ಮಲೆನಾಡಿನ ದೆವ್ವದ ಕಥೆ ಎಂದರೆ ಮಳೆಗಾಲ ಎಂದೇ ಎಲ್ಲರ ಕಲ್ಪನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಬಚ್ಚಲ ಒಲೆಯ ಮುಂದೆ ಕಂಬಳಿ ಹೊದ್ದು ಹಲಸಿನ ಬೀಜ ಸುಟ್ಟು ತಿನ್ನುತ್ತ ಕೂತ ಮಕ್ಕಳು. ಇದು ಸುಳ್ಳಲ್ಲ. ಆದರೆ ನನ್ನ ಅನುಭವದಲ್ಲಿ ಮಳೆಗಾಲದ ಕಥೆ ಚಿಕ್ಕದು, ಮಕ್ಕಳಿಗಾಗಿಯೇ ಹೇಳಿದ್ದು. ದೊಡ್ಡವರು ದೊಡ್ಡವರಿಗೇ ಹೇಳಿಕೊಳ್ಳುವ ಕಥೆಗೆ ಕಾಲ ಅಡಿಕೆ ಸುಲಿತದ್ದು, ಕಾರ್ತಿಕದಿಂದ ಪುಷ್ಯದವರೆಗೆ. ಹಗಲು ಕೊನೆ ಇಳಿಸಿ ತಂದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ, ಸುಲಿದು ಬೇಯಿಸಬೇಕು. ಉಂಡ ಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಮನೆಯ ಹೆಂಗಸರು, ಗಂಡಸರು, ಕೂಲಿಗೆ ಬಂದವರು ಸಾಲಾಗಿ ಕೂರುತ್ತಾರೆ. ಕೈಗೆ ಕೆಲಸವಿದೆ, ಕಣ್ಣು ಕತ್ತಿಯ ಮೇಲಿದೆ, ಬಾಯಿ ಖಾಲಿ. ಎದುರಿನವರ ಮುಖ ನೋಡದೆ ಮಾತಾಡುವ ಅವಕಾಶ ಬೇರೆ ಯಾವ ಹೊತ್ತಿನಲ್ಲೂ ಇಷ್ಟು ಸಿಗುವುದಿಲ್ಲ. ಹಾಸಿಗೆಗೆ ಹೋಗದ ಮಕ್ಕಳು ಸಿಪ್ಪೆಯ ರಾಶಿಯ ಪಕ್ಕ ಸುಮ್ಮನಿದ್ದರೆ ಯಾರೂ ಓಡಿಸುತ್ತಿರಲಿಲ್ಲ. ನಾನು ಕೇಳಿದ್ದು ಹಾಗೆ.

ಕಥೆ ಇದು. ಮುತ್ತಜ್ಜನ ತಮ್ಮನಿಗೆ ಘಟ್ಟದ ಕೆಳಗಿನಿಂದ ತಂದ ಹುಡುಗಿ. ಬಂದು ಎರಡು ಮಳೆಗಾಲ ಕಳೆದಿತ್ತು, ಮಕ್ಕಳಿರಲಿಲ್ಲ. ಒಂದು ಬೆಳಗಿನ ಜಾವ ಹಿತ್ತಲ ಬಾವಿಗೆ ನೀರಿಗೆ ಹೋದವಳು ಬರಲಿಲ್ಲ. ಕಾಲು ಜಾರಿತು ಅಂತ ಹೇಳಿದರು. ಗಂಡ ಆ ವರ್ಷವೇ ಮನೆ ಬಿಟ್ಟು ಹೋದ. ಆಮೇಲೆ ಸುಲಿತದ ಕಾಲದಲ್ಲಿ, ಎಲ್ಲರೂ ಕೈತೊಳೆದು ಮಲಗಿದ ಮೇಲೆ, ಬಾವಿಕಟ್ಟೆಯ ಮೇಲೆ ತಂಬಿಗೆ ಉರುಳಿದ ಸದ್ದು. ಎದ್ದು ಹೋಗಿ ನೋಡಿದರೆ ತಂಬಿಗೆ ನೆಟ್ಟಗೆ ನಿಂತಿದೆ, ತುಂಬ ನೀರಿದೆ. ನನ್ನ ಅಜ್ಜಿ ಹೊಸ ಸೊಸೆಯಾಗಿ ಬಂದ ವರ್ಷ ಆ ಸದ್ದಿನ ಜೊತೆ "ಅಕ್ಕಾ" ಎಂಬ ಕರೆಯನ್ನೂ ಕೇಳಿದಳು. ಒಂದೇ ಸಲ. ಓಗೊಡಲು ಬಾಯಿ ತೆರೆದವಳ ಬಾಯಿಯನ್ನು ಅತ್ತೆ ಅಂಗೈಯಿಂದ ಮುಚ್ಚಿದರು. ರಾತ್ರಿ ಒಂದೇ ಸಲ ಕರೆದರೆ ಓಗೊಡಬಾರದು ಎಂಬ ನಿಯಮ ಮನೆಗೆ ಬಂದ ಪ್ರತಿ ಸೊಸೆಗೂ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಒಂದಾಗಿತ್ತು.

ಎ.ಕೆ. ರಾಮಾನುಜನ್ 1986ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕನ್ನಡ ಜಾನಪದವನ್ನು ತಮಿಳು ಕಾವ್ಯಮೀಮಾಂಸೆಯ ಅಕಂ (ಒಳಗು), ಪುರಂ (ಹೊರಗು) ಎಂಬ ಪರಿಕಲ್ಪನೆಗಳಿಂದ ಎರಡು ಲೋಕಗಳಾಗಿ ನೋಡಿದರು. ಅಡುಗೆಮನೆಯಲ್ಲಿ ಅಜ್ಜಿಯರು ಹೇಳುವ ಕಥೆಯಲ್ಲಿ ಊರಿಗೆ, ಜನರಿಗೆ ಹೆಸರಿರುವುದಿಲ್ಲ. ಒಂದೂರು, ಒಬ್ಬ ರಾಜ, ಅವನಿಗೊಬ್ಬಳು ಮಗಳು. ಹೊರಗೆ, ವೃತ್ತಿ ಗಾಯಕರ ಬಾಯಲ್ಲಿ ಬರುವ ಕಥನದಲ್ಲಿ ವ್ಯಕ್ತಿಗೂ ಊರಿಗೂ ಹೆಸರು ಇರುತ್ತದೆ. ಈ ವಿಂಗಡಣೆಯ ಉಪಕಾರ ದೊಡ್ಡದು. ಆದರೆ ಮನೆಯೊಳಗಿನ ದೆವ್ವದ ಕಥೆಯನ್ನು ಇದರ ಪಕ್ಕ ಇಟ್ಟಾಗ ಒಂದು ವಿಚಿತ್ರ ಕಾಣುತ್ತದೆ. ಇಲ್ಲಿ ಜಾಗಕ್ಕೆ ಚೂರೂ ತಪ್ಪದ ಗುರುತಿದೆ. ಯಾವ ಬಾವಿ, ಕಟ್ಟೆಯ ಯಾವ ಮಗ್ಗುಲು, ಎಷ್ಟನೆಯ ಅಡಿಕೆ ಮರ, ಎಲ್ಲ ಬೆರಳು ಮಾಡಿ ತೋರಿಸುವಂಥದ್ದು. ಸತ್ತವಳಿಗೆ ಮಾತ್ರ ಹೆಸರಿಲ್ಲ. ಮೂವರು ಹೇಳುಗರಲ್ಲಿ ಒಬ್ಬರೂ ಒಮ್ಮೆಯೂ ಹೆಸರು ಎತ್ತಿದ್ದನ್ನು ನಾನು ಕೇಳಲಿಲ್ಲ. ಜಾಗದಲ್ಲಿ ಪುರಂ, ವ್ಯಕ್ತಿಯಲ್ಲಿ ಅಕಂ. ರಾಜಕುಮಾರಿಗೆ ಹೆಸರಿಲ್ಲದಿರುವುದಕ್ಕೂ ಈಕೆಗೆ ಹೆಸರಿಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ಹೆಸರು ಬೇಕಿಲ್ಲ. ಇಲ್ಲಿ ಹೆಸರು ಗೊತ್ತಿದ್ದೂ ನುಂಗಿದ್ದಾರೆ.

ಕನ್ನಡದ ವ್ಯಾಕರಣ ಈ ಕಥೆಗಳಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ವೀಡನ್ನಿನ ಜಾನಪದ ವಿದ್ವಾಂಸ ಕಾರ್ಲ್ ವಿಲ್‌ಹೆಲ್ಮ್ ಫಾನ್ ಸಿಡೋ 1934ರಲ್ಲಿ ಸ್ವಂತ ಅನುಭವವಾಗಿ ಹೇಳಿದ ಅಲೌಕಿಕ ಕಥನಕ್ಕೆ "ಮೆಮೊರಾಟ್" ಎಂಬ ಹೆಸರು ಕೊಟ್ಟು, ಬಾಯಿಂದ ಬಾಯಿಗೆ ಬಂದ ಐತಿಹ್ಯದಿಂದ ಅದನ್ನು ಬೇರ್ಪಡಿಸಿದರು. ಕನ್ನಡದಲ್ಲಿ ಈ ಗೆರೆಯನ್ನು ಎಳೆಯಲು ವಿದ್ವಾಂಸರು ಬೇಕಿಲ್ಲ. "ಅಂತೆ" ಎಂಬ ಎರಡಕ್ಷರ ಅದನ್ನು ಮಾಡುತ್ತದೆ. "ಒಬ್ಬಳು ಇದ್ದಳಂತೆ, ನೀರಿಗೆ ಹೋದಳಂತೆ" ಎಂದು ಶುರುವಾದ ಮಾತು ತಂಬಿಗೆಯ ಸದ್ದಿಗೆ ಬಂದಾಗ "ಅಂತೆ"ಯನ್ನು ಕಳಚಿಬಿಡುತ್ತದೆ: "ಸದ್ದಾಯ್ತು. ಎದ್ದೆ." ಸುಲಿಯುತ್ತಿದ್ದ ಕೈಗಳು ನಿಲ್ಲುತ್ತಿದ್ದುದು ಸರಿಯಾಗಿ ಆ ಜಾಗದಲ್ಲಿ. ಭಯ ಹುಟ್ಟುತ್ತಿದ್ದುದು ಘಟನೆಯಿಂದ ಎನ್ನುವುದಕ್ಕಿಂತ ಪ್ರತ್ಯಯ ಬಿದ್ದುಹೋದದ್ದರಿಂದ ಎನ್ನಬೇಕು. ಅಜ್ಜಿಯ ನಂತರ ಇದೇ ಕಥೆಯನ್ನು ಹೇಳಿದ ಚಿಕ್ಕಮ್ಮನಿಗೆ ಇಡೀ ಕಥೆ "ಅಂತೆ"ಯಲ್ಲೇ ಹೇಳಬೇಕಾಯಿತು. ಅವಳು ಅದನ್ನು ಬೇರೆ ರೀತಿಯಲ್ಲಿ ಸರಿದೂಗಿಸಿಕೊಂಡಳು: ಬಾಯಿಯ ಮೇಲೆ ಅಂಗೈ ಇಟ್ಟು, ಅಜ್ಜಿಯ ಅತ್ತೆ ಮಾಡಿದ್ದನ್ನು ಮಾಡಿ ತೋರಿಸುತ್ತಿದ್ದಳು.

ಎರಡನೆಯದು ಲಿಂಗ. "ಅವಳು" ಯಾವ ಕ್ಷಣದಲ್ಲಿ "ಅದು" ಆಗುತ್ತಾಳೆ? "ಅವಳು ಬಾವಿಗೆ ಹೋದಳು", ಆಮೇಲೆ "ಅದು ಕರೀತು". ನಡುವೆ ಸಾವಿನ ವರ್ಣನೆಯೇ ಇಲ್ಲ. ಹೆಣ ಎತ್ತಿದ್ದು, ಸುಟ್ಟದ್ದು, ಪೊಲೀಸರು ಬಂದದ್ದೋ ಬಾರದ್ದೋ, ಯಾವುದನ್ನೂ ಯಾರೂ ಹೇಳುವುದಿಲ್ಲ. ಸರ್ವನಾಮ ಬದಲಾದದ್ದೇ ಸಾವಿನ ಸುದ್ದಿ. ಕಥೆ ಮುಗಿದ ಮೇಲೆ, ಮತ್ತೆ ಕತ್ತಿಯ ಸದ್ದು ಶುರುವಾದಾಗ, ಅಜ್ಜಿ ತನಗೆ ತಾನೇ ಎಂಬಂತೆ "ಪಾಪ, ಅವಳಿಗೆ ಏನು ಬೇಕಿತ್ತೋ" ಅನ್ನುತ್ತಿದ್ದಳು. "ಅದು" ಮತ್ತೆ "ಅವಳು" ಆಗುತ್ತಿದ್ದಳು. ಚಿಕ್ಕವನಿದ್ದಾಗ ಆ ಮಾತು ಕಥೆಯ ಹೊರಗಿನದು ಅಂದುಕೊಂಡಿದ್ದೆ. ಈಗ ಇಡೀ ಕಥೆ ಆ ಒಂದು ಮಾತಿಗಾಗಿ ಇತ್ತು ಅನ್ನಿಸುತ್ತದೆ. ಇದನ್ನು ಎಲ್ಲ ಕನ್ನಡಕ್ಕೂ ಅನ್ವಯಿಸುವಂತಿಲ್ಲ ಎಂಬುದನ್ನೂ ಹೇಳಬೇಕು. ಹವ್ಯಕ ಕನ್ನಡದಲ್ಲಿ ಬದುಕಿರುವ ಹೆಣ್ಣಿಗೂ ನಪುಂಸಕ ಲಿಂಗದ ರೂಪವೇ ಬಳಕೆ. ಅಲ್ಲಿನ ಹೇಳುಗರಿಗೆ ಈ ಹೊರಳುವಿಕೆ ಒದಗುವುದಿಲ್ಲ. ಬದುಕು ಸಾವಿನ ಗೆರೆಯನ್ನು ಅವರು ಮಾತಿನ ಬೇರೆ ಯಾವ ಜಾಗದಲ್ಲಿ ಎಳೆಯುತ್ತಾರೆ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ ವಿಷಯ.

ಈಗ ತಿಥಿಯ ಪ್ರಶ್ನೆ. ಶ್ರಾದ್ಧದಲ್ಲಿ ಹೆಸರು, ಗೋತ್ರ ಹೇಳಿ ಪಿಂಡ ಇಡುವುದು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಗೆ, ಹಾಗೆಯೇ ಆ ಸಾಲಿನ ತಾಯಂದಿರಿಗೆ. ಮಕ್ಕಳಿಲ್ಲದೆ ಸತ್ತ ಸೊಸೆ, ಮದುವೆಗೆ ಮುಂಚೆ ಹೋದ ಮಗಳು, ಬಾವಿಗೆ ಬಿದ್ದವಳು ಈ ಸಾಲಿಗೆ ಬರುವುದಿಲ್ಲ. ಶಾಸ್ತ್ರ ಇವರನ್ನು ಪೂರ್ತಿ ಕೈಬಿಟ್ಟಿದೆ ಎಂದರೆ ಅನ್ಯಾಯವಾದೀತು. ಭಾದ್ರಪದದ ಪಿತೃಪಕ್ಷದಲ್ಲಿ ಮುತ್ತೈದೆಯಾಗಿ ಸತ್ತವರಿಗೆ ಅವಿಧವಾ ನವಮಿ ಇದೆ, ಶಸ್ತ್ರದಿಂದ ಸತ್ತವರಿಗೆ ಘಾತ ಚತುರ್ದಶಿ ಇದೆ, ದುರ್ಮರಣಕ್ಕೆ ನಾರಾಯಣ ಬಲಿ ಇದೆ. ಮಹಾಲಯದಲ್ಲಿ ದೂರದ ಬಂಧುಗಳನ್ನೂ ನೆನೆಯಬಹುದು. ಆದರೆ ದುರ್ಮರಣಕ್ಕೆ ಹೇಳಿದ ವಿಧಿ ಮಾಡಿಸಬೇಕಾದರೆ ಅದು ದುರ್ಮರಣ ಎಂದು ಮನೆಯವರು ಬಾಯಿಬಿಟ್ಟು ಒಪ್ಪಬೇಕು. "ಕಾಲು ಜಾರಿತು" ಎಂದ ಮೇಲೆ ಆ ಬಾಗಿಲು ಮುಚ್ಚಿತು. ವೈದಿಕ ವಿಧಿಯಿಲ್ಲದ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ಸಂಪ್ರದಾಯ ಇದಕ್ಕಿಂತ ಉದಾರ. ಸತ್ತವರಿಗೆ ಇಷ್ಟವಾದ ತಿನಿಸು, ಬೀಡಿ, ಹೆಂಡ ಎಲ್ಲ ಎಡೆಗೆ ಬರುತ್ತದೆ, ಅಷ್ಟರಮಟ್ಟಿಗೆ ಸತ್ತವರು ವ್ಯಕ್ತಿಗಳಾಗಿಯೇ ಉಳಿಯುತ್ತಾರೆ. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಬಂದ ಎರಡನೆಯವಳು ಸತ್ತವಳನ್ನು ಜಕ್ಕಿಣಿಯೆಂದು ನೆನೆದು ಸೀರೆ ಇಟ್ಟು ಪೂಜಿಸುವುದೂ ಅಂಥ ಒಂದು ದಾರಿ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುತ್ತಾರೆ. ಮದುವೆಯಾಗದೆ ಸತ್ತವರಿಗೆ ಎರಡು ಮನೆಯವರು ಕೂಡಿ ಮದುವೆಯನ್ನೇ ಮಾಡುತ್ತಾರೆ. ಅಲ್ಲಿ ಭೂತ ಎಂದರೆ ದೈವ, ಕುಲೆ ಎಂದರೆ ಸತ್ತವರು. ಎರಡನ್ನೂ ದೆವ್ವ ಎಂಬ ಒಂದೇ ಮಾತಿನಲ್ಲಿ ಕಟ್ಟುವುದು ಘಟ್ಟದ ಮೇಲಿನವರು ಮಾಡುವ ದೊಡ್ಡ ತಪ್ಪು. ಯಾವ ದಾರಿಯೂ ಇಲ್ಲದ ನಮ್ಮಂಥ ಮನೆಗಳಲ್ಲಿ ಉಳಿದದ್ದು ಸುಲಿತದ ರಾತ್ರಿ. ವರ್ಷಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಅದೇ ಜಾಗದಲ್ಲಿ ಅವಳ ಕಥೆ ಬರುತ್ತಿತ್ತು. ಅದನ್ನು ತಿಥಿ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಒಪ್ಪದವರ ಮಾತಿಗೂ ಇಲ್ಲಿ ಜಾಗ ಇತ್ತು. ದೊಡ್ಡಪ್ಪ ಪ್ರತಿ ವರ್ಷವೂ ತಪ್ಪದೆ "ಬೆಕ್ಕು ಉರುಳಿಸಿರತ್ತೆ" ಎನ್ನುತ್ತಿದ್ದರು. ಲಿಂಡಾ ಡೇಗ್ ಮತ್ತು ಆಂಡ್ರೂ ವಾಜೋನಿ 1971ರ ತಮ್ಮ ಲೇಖನದಲ್ಲಿ ಐತಿಹ್ಯ ಬದುಕುವುದು ನಂಬಿಕೆಯಲ್ಲಲ್ಲ, ನಂಬಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಎಂದು ವಾದಿಸಿದ್ದಾರೆ. ದೊಡ್ಡಪ್ಪನ ಬೆಕ್ಕು ಅದಕ್ಕೆ ಒಳ್ಳೆಯ ಸಾಕ್ಷಿ. ಬೆಕ್ಕು ಉರುಳಿಸಿದ ತಂಬಿಗೆಯಲ್ಲಿ ನೀರು ಹೇಗೆ ತುಂಬಿತು ಎಂದು ಯಾರಾದರೂ ಕೇಳಲೇಬೇಕು, ಅಲ್ಲಿಂದ ಮಾತು ಬಾವಿಗೆ, ಬಾವಿಯಿಂದ ಆ ಬೆಳಗಿನ ಜಾವಕ್ಕೆ ಹೋಗಲೇಬೇಕು. ಅವರು ಒಂದು ವರ್ಷ ಸುಮ್ಮನಿದ್ದಿದ್ದರೆ ಕಥೆ ಅರ್ಧಕ್ಕೆ ನಿಲ್ಲುತ್ತಿತ್ತು.

ಈ ಕಥೆಗಳನ್ನು ಬರೀ ಮಮತೆಯಿಂದ ನೋಡುವ ಅಪಾಯ ನನಗೆ ಗೊತ್ತಿದೆ. ಮಲೆನಾಡಿನ ಹವ್ಯಕ ಮನೆಗಳ ಬಗ್ಗೆ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ 1969ರಲ್ಲಿ ಬರೆದ ಲೇಖನ, ಅಧಿಕಾರವೇ ಇಲ್ಲದ ವಿಧವೆಯರ ಬಗ್ಗೆ ಮನೆಯವರಿಗೆ ಇದ್ದ ಭಯವನ್ನು ಚರ್ಚಿಸುತ್ತದೆ. ಯಾರಿಗೆ ಅನ್ಯಾಯವಾಗಿದೆಯೋ ಅವರನ್ನೇ ಹೆದರಿಕೆಯ ವಸ್ತುವಾಗಿ ಮಾಡುವುದು ಅನ್ಯಾಯದ ಮುಂದುವರಿಕೆಯೇ. ದೆವ್ವ ಬಿಡಿಸುವ ಹೆಸರಿನಲ್ಲಿ ಹೆಣ್ಣುಮಕ್ಕಳು ತಿಂದ ಏಟು ಕಡಿಮೆಯಲ್ಲ. ರಾಜ್ಯದ 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆ ಬಂದದ್ದು ಅಂಥ ಹಿಂಸೆಯ ಹಿನ್ನೆಲೆಯಲ್ಲಿ. ನಮ್ಮ ಬಾವಿಯ ಕಥೆಯೂ ಹೊಸ ಸೊಸೆಯರಿಗೆ "ರಾತ್ರಿ ಹಿತ್ತಲಿಗೆ ಹೋಗಬೇಡ" ಎಂಬ ಬೇಲಿಯಾಗಿ ಕೆಲಸ ಮಾಡಿದ್ದು ನಿಜ. ಆದರೆ ಹೇಳಿದವರು ಯಾರು ಎಂಬುದನ್ನು ಮರೆಯಬಾರದು. ಆ ಮನೆಗೆ ಬೇರೆ ಮನೆಯಿಂದ ಬಂದವರು, ಅದೇ ಬಾವಿಯಿಂದ ನೀರು ಸೇದಿದವರು. ಸೊಸೆಯ ಸಾವನ್ನು ಮುಂದಿನ ಸೊಸೆ ಅದರ ಮುಂದಿನ ಸೊಸೆಗೆ ತಲುಪಿಸಿದ್ದಾಳೆ. ಆ ಮನೆಯಲ್ಲೇ ಹುಟ್ಟಿದ ಗಂಡಸರ ಪಾಲಿಗೆ ಬಂದದ್ದು ಬೆಕ್ಕು ಮಾತ್ರ.

ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಹೊರಬಿದ್ದು ಜೋಡಾಗಿ, ಕೋಟಾಗಿ ಬಾಗಿಲಲ್ಲಿ ಕಾಣಿಸಿಕೊಂಡು, ಗಂಡನ ಸಂಶಯಕ್ಕೆ ಕಾರಣವಾದವು. ಹೇಳದೆ ಇಟ್ಟುಕೊಂಡ ಕಥೆಯೇ ದೆವ್ವವಾಗುತ್ತದೆ ಎಂದು ಇದನ್ನು ಓದಬಹುದು. ನಗರದ ದೆವ್ವಗಳು ಇದಕ್ಕೆ ಹೊರತು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆಸಿದ ದೆವ್ವವೂ ಮನೆಯವರ ದನಿಯಲ್ಲೇ ಕರೆಯುತ್ತಿತ್ತು, ಅದಕ್ಕೂ ಓಗೊಡಬಾರದಿತ್ತು. ಆದರೆ ಅದು ಯಾರ ಮನೆಯ ಸೊಸೆ, ಎಲ್ಲಿ ಸತ್ತಳು ಎಂಬುದು ಯಾರಿಗೂ ಬೇಕಿರಲಿಲ್ಲ.

ಹಳೆಯ ಮನೆ ಕೆಡವುವ ಮುಂಚೆ ಅಟ್ಟದ ಪಾತ್ರೆಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆವು. ಬಚ್ಚಲಲ್ಲಿ ನಾವೆಲ್ಲ ದಿನಾ ಬಳಸಿದ್ದ ಹಿತ್ತಾಳೆ ತಂಬಿಗೆಯೂ ಅದರಲ್ಲಿತ್ತು. ಕಿಟ್ಟ ಹೋದ ಮೇಲೆ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ ಕಂಡವು. ಒಂದು ಹೆಣ್ಣಿನ ಹೆಸರು, ಅದರ ಮುಂದೆ ಘಟ್ಟದ ಕೆಳಗಿನ ಒಂದು ಊರಿನ ಮೊದಲಕ್ಷರ. ತವರಿನವರು ಮದುವೆಯಲ್ಲಿ ಕೊಟ್ಟ ಪಾತ್ರೆಗೆ ಹೆಸರು ಹಾಕಿಸುವುದು ರೂಢಿ. ನಮ್ಮ ವಂಶಾವಳಿಯಲ್ಲಿ ಆ ಹೆಸರಿಲ್ಲ. ಚಿಕ್ಕಮ್ಮನಿಗೆ ತೋರಿಸಿದೆ. ಓದಿದಳು, ಏನೂ ಹೇಳಲಿಲ್ಲ. ಸೆರಗಿನಿಂದ ಒರೆಸಿ, ನೀರು ತುಂಬಿ, ದೇವರ ಕೋಣೆಯ ಹೊಸ್ತಿಲ ಪಕ್ಕ ನೆಟ್ಟಗೆ ಇಟ್ಟಳು.