ಗ್ವಾನಾಹ್ವಾತೋ: ಬೆಳ್ಳಿಯ ನಗರ, ಕಣಜದ ಪಾಠ



ನಗರಗಳು ಸಾಮಾನ್ಯವಾಗಿ ನದೀತೀರಗಳಲ್ಲಿ, ಬಯಲುಗಳಲ್ಲಿ, ದಾರಿಗಳು ಕೂಡುವೆಡೆಯಲ್ಲಿ ಹುಟ್ಟುತ್ತವೆ. ಮೆಕ್ಸಿಕೋ ದೇಶದ ಗ್ವಾನಾಹ್ವಾತೋ ರಾಜ್ಯದ ಅದೇ ಹೆಸರಿನ ರಾಜಧಾನಿ ಇದಕ್ಕೆ ಅಪವಾದ. ಸುಮಾರು 2,000 ಮೀಟರ್ ಎತ್ತರದ ಇಕ್ಕಟ್ಟಾದ ಕಣಿವೆಯಲ್ಲಿ ಅದು ಬೆಳೆದುದು, 16ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ದೊರೆತ ಬೆಳ್ಳಿಯ ದೆಸೆಯಿಂದ. ಪುರೆಪೆಚಾ ಭಾಷೆಯಿಂದ ಬಂದ ಈ ಹೆಸರಿಗೆ 'ಕಪ್ಪೆಗಳ ಬೆಟ್ಟ'ವೆಂಬ ಅರ್ಥವನ್ನು ಹೇಳುವುದುಂಟು.

18ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ವಾಲೆನ್ಸಿಯಾನಾ ಗಣಿ ಜಗತ್ತಿನ ಅತ್ಯಂತ ಸಮೃದ್ಧ ಬೆಳ್ಳಿಗಣಿಗಳಲ್ಲಿ ಒಂದೆನಿಸಿತು. ಗಣಿಯ ಬಳಿ ಬಂಗಾರ ಲೇಪಿತ ಪೀಠಗಳ ಭವ್ಯ ಇಗರ್ಜಿ 1788ರಲ್ಲಿ ಪ್ರತಿಷ್ಠಾಪಿತವಾಯಿತು. ಮೆಕ್ಸಿಕೋದ ಬೆಳ್ಳಿ ಒಂದೆಡೆ ಸ್ಪೇನಿಗೂ ಇನ್ನೊಂದೆಡೆ ಮನಿಲಾ ಮಾರ್ಗವಾಗಿ ಏಷ್ಯಾಕ್ಕೂ ಹರಿಯಿತು. ಐರೋಪ್ಯ ವರ್ತಕರು ನಮ್ಮ ಭಾರತದ ಮೆಣಸಿಗೂ ಹತ್ತಿಬಟ್ಟೆಗೂ ಬೆಲೆ ತೆತ್ತುದು ಬಹುಪಾಲು ಅಮೆರಿಕಾ ಖಂಡದ ಬೆಳ್ಳಿಯಿಂದಲೇ ಎಂಬುದನ್ನು ನಾವು ಮರೆಯಲಾಗದು.

ಆದರೆ ಅದಿರನ್ನು ಬೆನ್ನ ಮೇಲೆ ಹೊತ್ತು ಮೇಲೇರಿದವರ ಪಾಲಿಗೆ ಉಳಿದುದೇನು? 1785ರಲ್ಲಿ ಹೆಪ್ಪುಗಟ್ಟಿಸುವ ಚಳಿಯಿಂದ ಮುಸುಕಿನ ಜೋಳದ ಬೆಳೆ ನಾಶವಾಗಿ ಭೀಕರ ಕ್ಷಾಮ ತಲೆದೋರಿತು. ಕಾಳನ್ನು ಕೂಡಿಡಲೆಂದು 1798ರಿಂದ 1809ರವರೆಗೆ 'ಅಲೋಂದಿಗಾ' ಎಂಬ ಬೃಹತ್ ಕಣಜವನ್ನು ಕಟ್ಟಲಾಯಿತು. ಮರುವರ್ಷವೇ, ಪಾದ್ರಿ ಮಿಗೆಲ್ ಇದಾಲ್ಗೋ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ, ಪ್ರಾಂತಾಧಿಕಾರಿ ರಿಯಾನ್ಯೊ ಶ್ರೀಮಂತರನ್ನೂ ಭಂಡಾರವನ್ನೂ ಧಾನ್ಯವನ್ನೂ ಈ ಕಣಜದೊಳಗೆ ಸೇರಿಸಿ ಬಾಗಿಲಿಕ್ಕಿದನು. ಹೊರಗುಳಿದ ಸಾಮಾನ್ಯ ಜನ ದಂಗೆಗಾರರನ್ನು ಕೂಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ. 1810ರ ಸೆಪ್ಟೆಂಬರ್ 28ರಂದು ಬಾಗಿಲು ಬೆಂಕಿಗೆ ಆಹುತಿಯಾಯಿತು. ಬೆನ್ನಿಗೆ ಕಲ್ಲುಚಪ್ಪಡಿ ಕಟ್ಟಿಕೊಂಡು ಕಿಚ್ಚಿಟ್ಟವನು 'ಪೀಪಿಲಾ' ಎಂಬ ಗಣಿ ಕಾರ್ಮಿಕನೆಂದು ಐತಿಹ್ಯ. ಒಳಗೆ ನಡೆದ ಕಗ್ಗೊಲೆಯೂ ಅಷ್ಟೇ ಸತ್ಯ. 1811ರಲ್ಲಿ ಇದಾಲ್ಗೋ ಹಾಗೂ ಮೂವರು ಸಂಗಡಿಗರ ತಲೆಗಳನ್ನು ಇದೇ ಕಟ್ಟಡದ ನಾಲ್ಕು ಮೂಲೆಗಳಲ್ಲಿ ತೂಗುಹಾಕಲಾಯಿತು. ಸ್ವಾತಂತ್ರ್ಯ ಬಂದ 1821ರವರೆಗೂ ಅವು ಅಲ್ಲಿದ್ದವು.

ಚಿತ್ರಕಾರ ದಿಯೆಗೋ ರಿವೇರಾ 1886ರಲ್ಲಿ ಹುಟ್ಟಿದುದು ಈ ಊರಿನಲ್ಲಿ. 1905ರ ಮಹಾಪೂರದ ಬಳಿಕ ನದಿಯ ಹರಿವನ್ನು ಬದಲಿಸಲಾಯಿತು. ಅದರ ಹಳೆಯ ಪಾತ್ರದಲ್ಲಿ ಈಗ ನೆಲದಡಿಯ ರಸ್ತೆಯಿದೆ. 1988ರಲ್ಲಿ ಯುನೆಸ್ಕೋ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಣಜ ಇಂದು ವಸ್ತುಸಂಗ್ರಹಾಲಯ.

ಬಣ್ಣಬಣ್ಣದ ಮನೆಗಳ ಚೆಲುವಿಗೆ ನಾವು ಮಾರುಹೋಗುವುದು ಸಹಜ. ಆದರೂ ಈ ನಗರದ ಚರಿತ್ರೆ ನಮಗೆ ಕಲಿಸುವುದು ಬೇರೊಂದನ್ನು: ಎಲ್ಲರ ಹಸಿವಿಗೆಂದು ಕಟ್ಟಿದ ಕಣಜ ಕೆಲವರ ಕೋಟೆಯಾದಾಗ, ಅದರ ಗೋಡೆ ಎಷ್ಟು ದಪ್ಪವಿದ್ದರೂ ಸಾಲದು.