ಟಿ ಕೋಶ ಎಚ್ಚರಗೊಳ್ಳುವುದು ಹೇಗೆ?

ನಮ್ಮ ಎದೆಗೂಡಿನಲ್ಲಿ, ಹೃದಯದ ತುಸು ಮೇಲೆ, ಥೈಮಸ್ ಎಂಬ ಗ್ರಂಥಿಯಿದೆ. ಬಾಲ್ಯದಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗುವ ಈ ಗ್ರಂಥಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲವೆಂದೇ 1960ರ ತನಕ ಬಹಳಷ್ಟು ವಿಜ್ಞಾನಿಗಳು ತಿಳಿದಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದು ನೋಡಿದರು. ಮರಿಗಳು ಸೋಂಕಿಗೆ ಸುಲಭವಾಗಿ ತುತ್ತಾದವು; ಬೇರೆ ಇಲಿಗಳ ಚರ್ಮವನ್ನು ಕಸಿ ಮಾಡಿದರೂ ಅವುಗಳ ದೇಹ ತಿರಸ್ಕರಿಸಲಿಲ್ಲ. ಥೈಮಸ್‌ನಲ್ಲಿ ಪಕ್ವಗೊಳ್ಳುವ ಬಿಳಿ ರಕ್ತಕಣಗಳಿಗೆ ಮುಂದೆ 'ಟಿ ಕೋಶ' ಎಂಬ ಹೆಸರು ಬಂತು.

ಇವುಗಳಲ್ಲಿ ಕೆಲವು, ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲಬಲ್ಲವು. ಗುರಿ ತಪ್ಪಿದರೆ ಪೆಟ್ಟು ಬೀಳುವುದು ಸ್ವಂತ ದೇಹಕ್ಕೇ. ಹಾಗಾದರೆ ಸೋಂಕಿತ ಕೋಶವನ್ನಷ್ಟೇ ಅವು ಗುರುತಿಸುವುದು ಹೇಗೆ?

ಮುಖ್ಯ ಸುಳಿವು ಸಿಕ್ಕಿದ್ದು 1974ರಲ್ಲಿ, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ಪಶುವೈದ್ಯ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯ ರೋಲ್ಫ್ ಜಿಂಕರ್‌ನಾಗೆಲ್ ವೈರಸ್ ಸೋಂಕಿದ ಇಲಿಯ ಟಿ ಕೋಶಗಳನ್ನು ಅದೇ ವೈರಸ್ ಹೊಕ್ಕ ಜೀವಕೋಶಗಳೊಂದಿಗೆ ಬೆರೆಸಿದರು. ಆ ಜೀವಕೋಶಗಳು ಅದೇ ತಳಿಯ ಇಲಿಯವಾದರೆ ಸತ್ತವು. ಬೇರೆ ತಳಿಯವಾದರೆ, ವೈರಸ್ ಅದೇ ಆಗಿದ್ದರೂ, ಉಳಿದವು. ಇದರ ಅರ್ಥವೇನೆಂದು ನೀವೇ ಯೋಚಿಸಿ. ಟಿ ಕೋಶ ವೈರಸ್ಸನ್ನು ಪ್ರತ್ಯೇಕವಾಗಿ ಕಾಣುವುದಿಲ್ಲ. ವೈರಸ್ಸಿನ ಗುರುತನ್ನೂ 'ಇದು ನನ್ನ ದೇಹದ ಕೋಶ' ಎಂದು ಸಾರುವ ಎಂಎಚ್‌ಸಿ ಪ್ರೋಟೀನನ್ನೂ ಒಟ್ಟಿಗೆ ಕಾಣುತ್ತದೆ. ಈ ಶೋಧಕ್ಕೆ 1996ರ ನೊಬೆಲ್ ಪ್ರಶಸ್ತಿ ಸಂದಿತು.

'ಒಟ್ಟಿಗೆ' ಎಂದರೇನು? ಉತ್ತರ ಕೊಟ್ಟದ್ದು ಭೌತವಿಜ್ಞಾನದ ವಿಧಾನ. 1987ರಲ್ಲಿ ಹಾರ್ವರ್ಡ್‌ನ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ ಮತ್ತು ಸಂಗಡಿಗರು ಮಾನವನ ಒಂದು ಎಂಎಚ್‌ಸಿ ಪ್ರೋಟೀನಿನ ಸ್ಫಟಿಕಗಳ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿ, ವಿವರ್ತನೆಯ ನೆರವಿನಿಂದ ಅದರ ರಚನೆಯನ್ನು ಬಿಡಿಸಿದರು. ಪ್ರೋಟೀನಿನ ಮೇಲ್ತುದಿಯಲ್ಲಿ, ಎರಡು ಸುರುಳಿಗಳ ನಡುವೆ, ಒಂದು ತೋಡು ಕಂಡಿತು. ಅದರೊಳಗೆ ಆ ಪ್ರೋಟೀನಿಗೆ ಸೇರದ ಇಲೆಕ್ಟ್ರಾನ್ ಸಾಂದ್ರತೆ! ಅದು ಕಿರು ಪೆಪ್ಟೈಡುಗಳ ಗುರುತು. ಜೀವಕೋಶ ತನ್ನೊಳಗಿನ ಪ್ರೋಟೀನುಗಳನ್ನು ತುಂಡರಿಸಿ, ಸುಮಾರು 8ರಿಂದ 10 ಅಮೈನೋ ಆಮ್ಲಗಳ ಚೂರುಗಳನ್ನು ಈ ತೋಡಿನಲ್ಲಿಟ್ಟು ಹೊರಮೈಯಲ್ಲಿ ತೋರಿಸುತ್ತದೆ. ಟಿ ಕೋಶದ ಗ್ರಾಹಕ ಓದುವುದು ಇದನ್ನೇ.

ಇಷ್ಟೇ ಸಾಲದು. ಎರಡನೆಯ ಸಂಕೇತವೂ ಬೇಕೆಂದು 1975ರಲ್ಲೇ ಕೆವಿನ್ ಲ್ಯಾಫರ್ಟಿ ಮತ್ತು ಅಲಿಸ್ಟೇರ್ ಕನ್ನಿಂಗ್‌ಹ್ಯಾಮ್ ವಾದಿಸಿದ್ದರು. 1987ರಲ್ಲಿ ಅಮೆರಿಕದ ಮಾರ್ಕ್ ಜೆಂಕಿನ್ಸ್ ಮತ್ತು ರೊನಾಲ್ಡ್ ಶ್ವಾರ್ಟ್ಸ್ ಮೊದಲ ಸಂಕೇತವನ್ನಷ್ಟೇ ಕೊಟ್ಟು ನೋಡಿದರು. ಟಿ ಕೋಶಗಳು ವೃದ್ಧಿಯಾಗಲಿಲ್ಲ. ಅಷ್ಟೇ ಅಲ್ಲ, ಆಮೇಲೆ ಎರಡೂ ಸಂಕೇತ ಸಿಕ್ಕಾಗಲೂ ಜಡವಾಗಿಯೇ ಉಳಿದವು. ಬ್ಯಾಂಕಿನ ಲಾಕರ್ ತೆರೆಯಲು ನಿಮ್ಮ ಕೀಲಿಕೈಯೊಂದಿಗೆ ಬ್ಯಾಂಕಿನದೂ ಬೇಕಲ್ಲವೆ? ಇಲ್ಲಿಯೂ ಹಾಗೆಯೇ. ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ 1973ರಲ್ಲಿ ವರ್ಣಿಸಿದ ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ಸುಳಿವು ಸಿಕ್ಕಾಗ ಬಿ7 ಎಂಬ ಪ್ರೋಟೀನನ್ನು ಹೆಚ್ಚಾಗಿ ಹೊರಚಾಚುತ್ತವೆ. ಅದು ಟಿ ಕೋಶದ ಸಿಡಿ28 ಗ್ರಾಹಕಕ್ಕೆ ತಗುಲಿದಾಗ ಎರಡನೆಯ ಕೀಲಿಕೈ ತಿರುಗಿದಂತೆ. ಸುಳಿವಿಲ್ಲದಿದ್ದರೆ ಆ ಕೀಲಿಕೈ ತಿರುಗದು. ಸ್ವಂತ ಪ್ರೋಟೀನಿನ ಚೂರು ಕಂಡ ಟಿ ಕೋಶ ಸುಮ್ಮನಾಗುತ್ತದೆ.

ಈ ನಿಯಮವನ್ನು ಮುರಿದರೆ ಏನಾದೀತು? 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಆರೋಗ್ಯವಂತ ಸ್ವಯಂಸೇವಕರಿಗೆ ಚುಚ್ಚಿದರು. ಅದು ಸಿಡಿ28ನ್ನು ಹಿಡಿದು, ಮೊದಲ ಸಂಕೇತವಿಲ್ಲದೆಯೇ ಟಿ ಕೋಶಗಳನ್ನು ಕೆರಳಿಸುವಂಥದು. ಮಂಗಗಳಲ್ಲಿ ತೊಂದರೆ ಕಂಡಿರಲಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಆರೂ ಜನ ತೀವ್ರ ಉರಿಯೂತದಿಂದ ಕುಸಿದರು, ಅಂಗಾಂಗಗಳು ಸೋತವು. ತೀವ್ರ ನಿಗಾ ಚಿಕಿತ್ಸೆಯಿಂದ ಎಲ್ಲರೂ ಬದುಕುಳಿದರು.

ಟಿ ಕೋಶಕ್ಕೆ ಬ್ರೇಕ್ ಕೂಡ ಇದೆ. ಸಿಟಿಎಲ್ಎ-4 ಎಂಬ ಗ್ರಾಹಕ ಅದೇ ಬಿ7ನ್ನು ಇನ್ನೂ ಬಿಗಿಯಾಗಿ ಹಿಡಿದು ಕೋಶವನ್ನು ತಡೆಯುತ್ತದೆ. ಈ ಬ್ರೇಕನ್ನು ಸಡಿಲಿಸಿದರೆ ಟಿ ಕೋಶಗಳು ಕ್ಯಾನ್ಸರ್ ಮೇಲೆ ಎರಗುತ್ತವೆಂದು ಜೇಮ್ಸ್ ಆಲಿಸನ್ ಇಲಿಗಳಲ್ಲಿ ತೋರಿಸಿದರು. ಆ ಆಧಾರದ ಔಷಧಿ 2011ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. 2018ರಲ್ಲಿ ತಾಸುಕು ಹೊಂಜೊ ಅವರೊಂದಿಗೆ ಆಲಿಸನ್ ನೊಬೆಲ್ ಹಂಚಿಕೊಂಡರು. ಈ ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ಕರುಳು, ಚರ್ಮ, ಯಕೃತ್ತುಗಳಲ್ಲಿ ಉರಿಯೂತ ಕಾಣಿಸುತ್ತದೆ. ಆ ಎರಡನೆಯ ಕೀಲಿಕೈ ಇಷ್ಟು ದಿನ ಯಾವುದನ್ನು ಕಾಯುತ್ತಿತ್ತು ಎಂಬುದನ್ನು ಅದೇ ಹೇಳುತ್ತದೆ.